ಸಾಲು ಎಲ್ಲಿ ನಿಂತಿದೆ?

ಬ್ರಿಟನ್ನಿನ ವೇಲ್ಸ್‌ನಲ್ಲಿ ಅಬರ್‌ಹೋಸನ್ ಎಂಬ ಪುಟ್ಟ ಹಳ್ಳಿಯಿದೆ. ಅಲ್ಲಿ ಹದಿನೆಂಟು ತಿಂಗಳ ಕಾಲ, ಬೆಳಿಗ್ಗೆ ಏಳಾಯಿತೆಂದರೆ ಊರಿಗೆ ಊರೇ ಬ್ರಾಡ್‌ಬ್ಯಾಂಡ್ ಕಳೆದುಕೊಳ್ಳುತ್ತಿತ್ತು. ತಂತ್ರಜ್ಞರು ಬಂದರು, ಲೈನ್ ಪರೀಕ್ಷಿಸಿದರು, ದೋಷವಿಲ್ಲ ಎಂದರು. ಕೇಬಲಿನ ಉದ್ದುದ್ದ ಭಾಗಗಳನ್ನೇ ಕಿತ್ತು ಹೊಸದು ಹಾಕಿದರು. ಆದರೂ ಗೋಳು ತಪ್ಪಲಿಲ್ಲ. ಕೊನೆಗೆ 2020ರಲ್ಲಿ ಒಂದು ತಂಡ ಸ್ಪೆಕ್ಟ್ರಮ್ ಅನಲೈಸರ್ ಹಿಡಿದು, ಸುರಿಯುವ ಮಳೆಯಲ್ಲಿ, ಬೆಳಗಿನ ಆರಕ್ಕೇ ಹಳ್ಳಿಯ ಬೀದಿಗಿಳಿಯಿತು. ಗಂಟೆ ಏಳಾಗುತ್ತಿದ್ದಂತೆ ಉಪಕರಣದಲ್ಲಿ ವಿದ್ಯುತ್ ಗದ್ದಲದ ದೊಡ್ಡ ಸಿಡಿತವೊಂದು ದಾಖಲಾಯಿತು. ಅದರ ಜಾಡು ಹಿಡಿದು ಹೋದಾಗ ಸಿಕ್ಕಿದ್ದು ಒಂದು ಮನೆಯ ಹಳೆಯ ಸೆಕೆಂಡ್‌ಹ್ಯಾಂಡ್ ಟಿ.ವಿ. ಆ ಮನೆಯವರು ದಿನವೂ ಅದನ್ನು ಹಾಕುತ್ತಿದ್ದ ಹೊತ್ತೇ ಏಳು ಗಂಟೆ. ವಿಷಯ ತಿಳಿದು ಸಂಕಟಪಟ್ಟ ಅವರು ಮತ್ತೆ ಆ ಟಿ.ವಿ.ಯನ್ನು ಹಾಕಲಿಲ್ಲ, ಊರಿನ ತೊಂದರೆ ಅಲ್ಲಿಗೆ ನಿಂತಿತು.

ತಾಮ್ರದ ಟೆಲಿಫೋನ್ ತಂತಿಯ ಮೇಲೆ ಬರುವ ಎಡಿಎಸ್‌ಎಲ್ ಮಾದರಿಯ ಬ್ರಾಡ್‌ಬ್ಯಾಂಡ್ ಸುಮಾರು 2.2 ಮೆಗಾಹರ್ಟ್ಸ್‌ವರೆಗಿನ ಆವರ್ತನಗಳನ್ನು ಬಳಸುತ್ತದೆ. ಬೆಂಗಳೂರು ಆಕಾಶವಾಣಿಯ 612 ಕಿಲೋಹರ್ಟ್ಸ್, ಧಾರವಾಡದ 765 ಕಿಲೋಹರ್ಟ್ಸ್ ಕೂಡ ಇದೇ ಪಟ್ಟಿಯೊಳಗೆ ಬರುತ್ತವೆ. ಕಂಬದಿಂದ ಕಂಬಕ್ಕೆ ಹರಿದ ತಾಮ್ರದ ತಂತಿ, ಯಾರೂ ಕೇಳದಿದ್ದರೂ, ಆಂಟೆನಾದ ಕೆಲಸವನ್ನೂ ಮಾಡುತ್ತದೆ. ಹಾಳಾದ ಉಪಕರಣವೊಂದು ಕಿಡಿಯಂಥ ಗದ್ದಲ ಹೊರಡಿಸಿದರೆ ಅದು ನೇರವಾಗಿ ತಂತಿಗಿಳಿದು ಮೋಡೆಮ್‌ಗಳ ಮಾತನ್ನು ಮುಳುಗಿಸುತ್ತದೆ.

ಈ ಪ್ರಸಂಗದಲ್ಲಿ ನನ್ನನ್ನು ಹಿಡಿದು ನಿಲ್ಲಿಸುವುದು ಗಡಿಯಾರ. ತಂತಿಯನ್ನು ನೋಡಿದವರಿಗೆ ಒಂದೂವರೆ ವರ್ಷ ಏನೂ ಸಿಗಲಿಲ್ಲ. ಏಳು ಗಂಟೆಗೆ ಸರಿಯಾಗಿ ಸ್ಥಳದಲ್ಲಿ ನಿಂತವರಿಗೆ ಒಂದೇ ಬೆಳಿಗ್ಗೆಯಲ್ಲಿ ಸಿಕ್ಕಿತು. ನಮ್ಮ ಮನೆಗಳ ನೆಟ್‌ಗೂ ಇದೇ ಕ್ರಮ ಸಲ್ಲುತ್ತದೆ. ‘ನೆಟ್ ಸ್ಲೋ ಆಗಿದೆ’ ಎಂಬ ದೂರಿನಿಂದ ಯಾರಿಗೂ ಏನೂ ತಿಳಿಯುವುದಿಲ್ಲ. ರಾತ್ರಿ ಎಂಟರಿಂದ ಹನ್ನೊಂದರವರೆಗೆ ಮಾತ್ರವೇ? ಮಳೆ ಬಂದಾಗಲೇ? ಮಹಡಿಯ ಕೋಣೆಯಲ್ಲಿ ಮಾತ್ರವೇ? ಯಾರಾದರೂ ವಿಡಿಯೋ ಕಳಿಸುವಾಗಲೇ? ಇವುಗಳಲ್ಲಿ ಒಂದಕ್ಕೆ ಹೌದೆಂಬ ಉತ್ತರ ಬಂದರೂ ಸಾಕು, ಹುಡುಕಾಟದ ಅರ್ಧ ದಾರಿ ಸವೆಯುತ್ತದೆ.

ಆದರೆ ನಾವು ಮೊದಲು ಮಾಡುವುದು ಸ್ಪೀಡ್ ಟೆಸ್ಟ್. ಸರ್ಕಾರದ ಲೆಕ್ಕದಲ್ಲೂ ಬ್ರಾಡ್‌ಬ್ಯಾಂಡ್ ಎಂದರೆ ವೇಗವೇ. 2004ರ ನೀತಿಯಲ್ಲಿ ಕನಿಷ್ಠ 256 ಕೆಬಿಪಿಎಸ್ ಇದ್ದದ್ದು ಹಂತಹಂತವಾಗಿ ಏರಿ 2023ರ ಜನವರಿಯಲ್ಲಿ 2 ಎಂಬಿಪಿಎಸ್ ಆಯಿತು. ಜಾಹೀರಾತುಗಳಲ್ಲಿ ಇಂದು ಕಾಣುವುದು 100, 300, 1000 ಎಂಬ ಅಂಕೆಗಳು. ಈ ಅಂಕೆ ಸುಳ್ಳಲ್ಲ, ಆದರೆ ಅದು ಹೇಳುವುದು ಒಂದು ಸೆಕೆಂಡಿಗೆ ಎಷ್ಟು ಬಿಟ್ ಸಾಗಬಲ್ಲವು ಎಂಬುದನ್ನಷ್ಟೇ. ಎಂಟು ಬಿಟ್‌ಗೆ ಒಂದು ಬೈಟ್, ಹಾಗಾಗಿ 100 ಎಂಬಿಪಿಎಸ್ ಲೈನಿನಲ್ಲಿ ಸೆಕೆಂಡಿಗೆ 12.5 ಮೆಗಾಬೈಟ್ ಫೈಲ್ ಇಳಿಯಬೇಕು. ಈ ವ್ಯತ್ಯಾಸ ಗೊತ್ತಿಲ್ಲದೆ ಕಂಪನಿಯೊಡನೆ ಜಗಳಕ್ಕಿಳಿಯುವವರು ಎಷ್ಟೋ ಮಂದಿ. ಒಂದು ಬಿಟ್ ಹೊರಟು ಉತ್ತರ ಹಿಂದಿರುಗಲು ಎಷ್ಟು ಹೊತ್ತಾಯಿತು ಎಂಬುದು ಬೇರೆಯೇ ಪ್ರಶ್ನೆ. ಅದನ್ನು ವಿಳಂಬ ಎನ್ನೋಣ. ವಿಡಿಯೋ ಕರೆಯಲ್ಲಿ ಮಗನ ಮುಖ ಕಲ್ಲಾಗಿ ನಿಂತಾಗ, ಬ್ಯಾಂಕಿನ ಪುಟದಲ್ಲಿ ಚಕ್ರ ಸುತ್ತುತ್ತಲೇ ಇದ್ದಾಗ, ನಮ್ಮನ್ನು ಕಾಡುವುದು ಬಹುತೇಕ ವಿಳಂಬವೇ ಹೊರತು ವೇಗವಲ್ಲ. ವಿಡಿಯೋ ಕರೆಗೆ ಕೆಲವೇ ಎಂಬಿಪಿಎಸ್ ಸಾಕು.

ವಿಳಂಬವನ್ನು ಅಳೆಯುವ ಕೋಲು ತುಂಬ ಹಳೆಯದು, ಪುಕ್ಕಟೆಯಾಗಿ ಸಿಗುವಂಥದ್ದು. 1983ರ ಡಿಸೆಂಬರಿನಲ್ಲಿ ಅಮೆರಿಕದ ಸೇನೆಯ ಬ್ಯಾಲಿಸ್ಟಿಕ್ ಸಂಶೋಧನಾಲಯದಲ್ಲಿದ್ದ ಮೈಕ್ ಮೂಸ್ ತನ್ನ ಜಾಲದ ಒಂದು ತೊಂದರೆ ಹುಡುಕಲು ಪುಟ್ಟ ಪ್ರೋಗ್ರಾಮ್ ಬರೆದ. ಜಲಾಂತರ್ಗಾಮಿಗಳ ಸೋನಾರ್ ಸದ್ದಿನ ನೆನಪಿನಲ್ಲಿ ಅದಕ್ಕೆ ‘ಪಿಂಗ್’ ಎಂದು ಹೆಸರಿಟ್ಟ. ಒಂದು ಪ್ಯಾಕೆಟ್ ಕಳಿಸುವುದು, ಅದರ ಪ್ರತಿಧ್ವನಿ ಬರಲು ಎಷ್ಟು ಮಿಲಿಸೆಕೆಂಡು ಹಿಡಿಯಿತೆಂದು ಬರೆಯುವುದು, ಅಷ್ಟೇ ಅದರ ಕೆಲಸ. ನಾಲ್ಕು ದಶಕ ಕಳೆದರೂ ಮನೆಯ ನೆಟ್ ಪರೀಕ್ಷಿಸಲು ಇದಕ್ಕಿಂತ ಒಳ್ಳೆಯ ಸಾಧನ ನನಗೆ ಕಂಡಿಲ್ಲ.

ಲ್ಯಾಪ್‌ಟಾಪಿನಲ್ಲಿ ಎರಡು ಕಮಾಂಡ್ ಕಿಟಕಿ ತೆರೆಯಿರಿ. ಒಂದರಲ್ಲಿ ನಿಮ್ಮದೇ ರೌಟರಿಗೆ ಪಿಂಗ್ ಮಾಡಿ. ಅದರ ವಿಳಾಸ ಸಾಮಾನ್ಯವಾಗಿ 192.168.1.1 ಅಥವಾ 192.168.0.1. ಇನ್ನೊಂದರಲ್ಲಿ ಹೊರಗಿನ ವಿಳಾಸವೊಂದಕ್ಕೆ, ಉದಾಹರಣೆಗೆ 8.8.8.8ಕ್ಕೆ. ಎರಡನ್ನೂ ಕೆಲವು ನಿಮಿಷ ಓಡಲು ಬಿಡಿ. ರೌಟರಿನ ಉತ್ತರ ಒಂದೆರಡು ಮಿಲಿಸೆಕೆಂಡಿನಲ್ಲಿ ಬರುತ್ತಿದ್ದರೆ ಮನೆಯೊಳಗಿನ ದಾರಿ ಚೊಕ್ಕಟವಾಗಿದೆ. ಅದೇ ಉತ್ತರ ಒಮ್ಮೆ 3, ಒಮ್ಮೆ 180, ಒಮ್ಮೆ ಇಲ್ಲವೇ ಇಲ್ಲ ಎಂದಾದರೆ ಕಂಪನಿಗೆ ಫೋನ್ ಮಾಡುವುದು ವ್ಯರ್ಥ; ತೊಂದರೆ ನಿಮ್ಮ ಗೋಡೆಗಳ ಒಳಗೇ ಇದೆ. ರೌಟರ್ ಸರಿಯಾಗಿ ಉತ್ತರಿಸಿ ಹೊರಗಿನದು ಮಾತ್ರ ಜಿಗಿಯುತ್ತಿದ್ದರೆ ಲೈನನ್ನೋ ಅದರಾಚೆಯನ್ನೋ ಅನುಮಾನಿಸಬೇಕು. ದಾರಿಯ ಪ್ರತಿ ಹೆಜ್ಜೆಯನ್ನೂ ತೋರಿಸುವ ಟ್ರೇಸ್‌ರೌಟ್ ಎಂಬ ಸಾಧನವೂ ಇದೆ. ಅದನ್ನು ಓದುವಾಗ ಎಚ್ಚರ ಬೇಕು: ನಡುವಿನ ದೊಡ್ಡ ರೌಟರ್‌ಗಳು ಪ್ಯಾಕೆಟ್ ಸಾಗಿಸುವುದನ್ನು ಮುಖ್ಯ ಕೆಲಸವಾಗಿಟ್ಟುಕೊಂಡು, ಪರೀಕ್ಷೆಯ ಪ್ರಶ್ನೆಗಳಿಗೆ ಬಿಡುವಾದಾಗ ಉತ್ತರಿಸುತ್ತವೆ. ಒಂದು ಹೆಜ್ಜೆಯಲ್ಲಿ ಏರಿದ ವಿಳಂಬ ಮುಂದಿನ ಹೆಜ್ಜೆಗಳಲ್ಲೂ ಉಳಿದರೆ ಮಾತ್ರ ಅದು ನಿಜವಾದ ರೋಗ.

ಎಷ್ಟು ವಿಳಂಬ ಸಹಜ ಎಂಬುದಕ್ಕೆ ಪ್ರಕೃತಿಯೇ ಒಂದು ಗೆರೆ ಎಳೆದಿದೆ. ಗಾಜಿನ ಎಳೆಯಲ್ಲಿ ಬೆಳಕು ಸೆಕೆಂಡಿಗೆ ಸುಮಾರು ಎರಡು ಲಕ್ಷ ಕಿಲೋಮೀಟರ್ ಸಾಗುತ್ತದೆ, ನಿರ್ವಾತದಲ್ಲಿ ಸಾಗುವುದರ ಮೂರನೇ ಎರಡರಷ್ಟು. ಬೆಂಗಳೂರಿನಿಂದ ಮುಂಬೈಗೆ ಸಾವಿರ ಕಿಲೋಮೀಟರ್ ಕೇಬಲ್ ಎಂದುಕೊಂಡರೆ ಹೋಗಿಬರಲು 10 ಮಿಲಿಸೆಕೆಂಡು. ಚೆನ್ನೈನಿಂದ ಸಿಂಗಪುರಕ್ಕೆ ಸಮುದ್ರದಡಿ ಸುಮಾರು 3,200 ಕಿಲೋಮೀಟರ್, ಹಾಗಾಗಿ 32 ಮಿಲಿಸೆಕೆಂಡು. ಎಷ್ಟೇ ದುಡ್ಡು ಕೊಟ್ಟು ಎಷ್ಟೇ ದೊಡ್ಡ ಪ್ಲ್ಯಾನ್ ತೆಗೆದುಕೊಂಡರೂ ಇದಕ್ಕಿಂತ ಕೆಳಗಿಳಿಯಲಾಗದು. ಆದರೆ 10 ಇರಬೇಕಾದ ಕಡೆ 400 ಕಂಡರೆ ಉಳಿದ 390 ಮಿಲಿಸೆಕೆಂಡುಗಳನ್ನು ಬೆಳಕು ತಿಂದಿಲ್ಲ. ಪ್ಯಾಕೆಟ್ ಎಲ್ಲೋ ಸಾಲಿನಲ್ಲಿ ನಿಂತಿತ್ತು. ಆ ಸಾಲು ಎಲ್ಲಿದೆ ಎಂದು ಪತ್ತೆ ಹಚ್ಚುವುದೇ ಈ ವಿದ್ಯೆಯ ತಿರುಳು.

ಮೊದಲ ಸಾಲು ಗಾಳಿಯಲ್ಲಿ ನಿಂತಿರುತ್ತದೆ. ವೈಫೈನಲ್ಲಿ ಒಂದು ಚಾನೆಲ್ಲಿನ ಮೇಲೆ ಒಮ್ಮೆಗೆ ಒಬ್ಬರೇ ಮಾತಾಡಬಹುದು. ಪ್ರತಿ ಸಾಧನವೂ ಮೊದಲು ಕಿವಿಗೊಟ್ಟು, ಯಾರೂ ಮಾತಾಡುತ್ತಿಲ್ಲವೆಂದು ಖಚಿತವಾದ ಮೇಲೆ ತನ್ನ ಪ್ಯಾಕೆಟ್ ಹೊರಡಿಸುತ್ತದೆ. 2.4 ಗಿಗಾಹರ್ಟ್ಸ್ ಪಟ್ಟಿಯಲ್ಲಿ ಒಂದರ ಮೇಲೊಂದು ಬೀಳದ ಚಾನೆಲ್‌ಗಳು ಮೂರೇ: 1, 6, 11. ಅಪಾರ್ಟ್‌ಮೆಂಟಿನಲ್ಲಿ ಮೇಲೆ ಕೆಳಗೆ ಅಕ್ಕಪಕ್ಕ ಸೇರಿ ಹತ್ತಾರು ರೌಟರ್‌ಗಳು ಈ ಮೂರನ್ನೇ ಹಂಚಿಕೊಳ್ಳಬೇಕು. ಸಾಲದೆಂಬಂತೆ ಮೈಕ್ರೋವೇವ್ ಓವನ್ ಕೆಲಸ ಮಾಡುವುದೂ 2.45 ಗಿಗಾಹರ್ಟ್ಸ್‌ನಲ್ಲೇ. ಫೋನಿನ ಮೇಲೆ ಪೂರ್ತಿ ಸಿಗ್ನಲ್ ಗೆರೆಗಳು ಕಂಡರೂ ನೆಟ್ ತೆವಳುವುದು ಹಲವು ಸಲ ಇದರಿಂದಲೇ. ಆ ಗೆರೆಗಳು ನಿಮ್ಮ ರೌಟರಿನ ದನಿ ಎಷ್ಟು ಜೋರಾಗಿ ಕೇಳುತ್ತಿದೆ ಎನ್ನುತ್ತವೆಯೇ ಹೊರತು ಸುತ್ತ ಎಷ್ಟು ಗಲಾಟೆಯಿದೆ ಎನ್ನುವುದಿಲ್ಲ. 5 ಗಿಗಾಹರ್ಟ್ಸ್‌ನಲ್ಲಿ ಚಾನೆಲ್‌ಗಳು ಹೆಚ್ಚು, ಗದ್ದಲ ಕಡಿಮೆ. ಆದರೆ ಗೋಡೆ ದಾಟುವ ಶಕ್ತಿಯೂ ಕಡಿಮೆ. ಕರಾವಳಿಯ ಜಂಬಿಟ್ಟಿಗೆಯ ದಪ್ಪ ಗೋಡೆ, ಕಬ್ಬಿಣದ ಸರಳು ತುಂಬಿದ ಆರ್‌ಸಿಸಿ ಚಾವಣಿ, ಸ್ಟೀಲಿನ ಬೀರು, ನಿಲುವುಗನ್ನಡಿ, ನೀರು ತುಂಬಿದ ಟ್ಯಾಂಕು, ಎಲ್ಲವೂ ಅದನ್ನು ನುಂಗುತ್ತವೆ ಅಥವಾ ಹಿಂದಕ್ಕೆ ತಳ್ಳುತ್ತವೆ. ಹೊಸ ರೌಟರ್ ಕೊಳ್ಳುವ ಮೊದಲು, ಟಿ.ವಿ.ಯ ಹಿಂದೆ ಮೂಲೆಯಲ್ಲಿ ಹುದುಗಿರುವ ಹಳೆಯದನ್ನು ಮನೆಯ ನಡುಭಾಗಕ್ಕೆ, ಎದೆಯೆತ್ತರಕ್ಕಿಂತ ಮೇಲಕ್ಕೆ ತಂದು ನೋಡಬೇಕು.

ಒಂದು ಲೆಕ್ಕವನ್ನು ಇಲ್ಲಿ ಮಾಡಲೇಬೇಕು, ಏಕೆಂದರೆ ಇದು ಹೆಚ್ಚಿನವರಿಗೆ ಹೊಳೆಯುವುದಿಲ್ಲ. ಸಾಮಾನ್ಯ ಪ್ಯಾಕೆಟ್ಟಿನ ಗಾತ್ರ 1500 ಬೈಟ್, ಅಂದರೆ 12,000 ಬಿಟ್. ರೌಟರಿನ ಹತ್ತಿರ ಕೂತ ಲ್ಯಾಪ್‌ಟಾಪ್ 300 ಎಂಬಿಪಿಎಸ್‌ನಲ್ಲಿ ಮಾತಾಡಿದರೆ ಈ ಪ್ಯಾಕೆಟ್ ಗಾಳಿಯನ್ನು 0.04 ಮಿಲಿಸೆಕೆಂಡು ಮಾತ್ರ ಹಿಡಿದಿಡುತ್ತದೆ. ಹಿತ್ತಲ ಕೋಣೆಯಲ್ಲಿ ಸಿಗ್ನಲ್ ಸರಿಯಾಗಿ ಸಿಗದೆ 1 ಎಂಬಿಪಿಎಸ್‌ಗೆ ಇಳಿದ ಹಳೆಯ ಫೋನು ಅದೇ ಪ್ಯಾಕೆಟ್ಟಿಗೆ 12 ಮಿಲಿಸೆಕೆಂಡು ಹಿಡಿಯುತ್ತದೆ, ಮುನ್ನೂರು ಪಟ್ಟು. ಅಷ್ಟೂ ಹೊತ್ತು ಲ್ಯಾಪ್‌ಟಾಪ್ ಬಾಯಿ ಮುಚ್ಚಿ ಕಾಯಬೇಕು. ದೂರದ ಒಂದು ನಿಧಾನ ಸಾಧನ ಇಡೀ ಮನೆಯನ್ನು ತನ್ನ ಮಟ್ಟಕ್ಕೆ ಎಳೆಯುವುದು ಹೀಗೆ. ಆಟದ ಕನ್ಸೋಲ್, ಟಿ.ವಿ., ಕಚೇರಿಯ ಕಂಪ್ಯೂಟರ್ ಮುಂತಾದ ಕೂತಲ್ಲೇ ಕೂರುವ ಸಾಧನಗಳಿಗೆ ಈಥರ್ನೆಟ್ ಕೇಬಲ್ ಎಳೆದರೆ ಗಾಳಿಯ ಮೇಲಿನ ಹೊರೆ ಆ ಮಟ್ಟಿಗೆ ಇಳಿಯುತ್ತದೆ. ಅಗ್ಗದ ರಿಪೀಟರ್‌ಗಳನ್ನು ನಾನು ಶಿಫಾರಸು ಮಾಡಲಾರೆ. ಕೇಳಿದ್ದನ್ನು ಅದೇ ಚಾನೆಲ್ಲಿನ ಮೇಲೆ ಇನ್ನೊಮ್ಮೆ ಹೇಳುವುದರಿಂದ ಇರುವ ಸಮಯವೇ ಅರ್ಧವಾಗುತ್ತದೆ.

ಕೇಬಲ್ ಹಾಕಿದವರಿಗೂ ಒಂದು ಸುಳಿವು. 300ರ ಪ್ಲ್ಯಾನ್ ಇದ್ದೂ ಸ್ಪೀಡ್ ಟೆಸ್ಟ್ ಪ್ರತಿ ಸಲ 94ರ ಆಸುಪಾಸಿನಲ್ಲಿ ಗೋಡೆಗೆ ತಾಗಿದಂತೆ ನಿಂತರೆ ಅದು ಕಂಪನಿಯ ಮೋಸವಲ್ಲ. ಗಿಗಾಬಿಟ್ ಈಥರ್ನೆಟ್‌ಗೆ ಕೇಬಲಿನ ಒಳಗಿನ ನಾಲ್ಕು ಜೋಡಿ ತಂತಿಗಳೂ ಬೇಕು. ಕ್ರಿಂಪ್ ಮಾಡುವಾಗ ಒಂದು ತಂತಿ ಸರಿಯಾಗಿ ಕೂರದಿದ್ದರೆ ಉಪಕರಣಗಳು ಸದ್ದಿಲ್ಲದೆ ಎರಡೇ ಜೋಡಿಯ 100 ಎಂಬಿಪಿಎಸ್‌ಗೆ ಇಳಿಯುತ್ತವೆ. ವಿಳಾಸ ಮುಂತಾದ ಹೊರಕವಚದ ಭಾರ ಕಳೆದು ನಿಮಗೆ ಉಳಿಯುವುದು 94. ಹಳೆಯ ರೌಟರಿನ ಪೋರ್ಟ್ 100ರದ್ದೇ ಆಗಿದ್ದರೂ ಇದೇ ಅಂಕೆ ಕಾಣುತ್ತದೆ. ಕನೆಕ್ಟರ್ ಬದಲಿಸಿದರೆ ಹಲವು ಬಾರಿ ಕೆಲಸ ಮುಗಿಯುತ್ತದೆ.

ಇನ್ನು ಮನೆಗೆ ಬರುವ ಫೈಬರ್. ಅದರೊಳಗೆ ಬೆಳಕು ಓಡುವ ತಿರುಳಿನ ಅಗಲ ಒಂದು ಮಿಲಿಮೀಟರಿನ ನೂರನೇ ಒಂದು ಭಾಗಕ್ಕಿಂತಲೂ ಕಡಿಮೆ. ನಮ್ಮಲ್ಲಿ ಹೆಚ್ಚು ಬಳಕೆಯಲ್ಲಿರುವ ಜಿಪಾನ್ ವ್ಯವಸ್ಥೆಯಲ್ಲಿ ಕಂಪನಿಯ ಕಡೆಯಿಂದ 1490 ನ್ಯಾನೋಮೀಟರ್ ಬೆಳಕು ಹೊರಟು, ದಾರಿಯಲ್ಲಿ ಸ್ಪ್ಲಿಟರ್‌ಗಳಲ್ಲಿ ಕವಲೊಡೆದು 32 ಅಥವಾ 64 ಮನೆಗಳಿಗೆ ಹಂಚಿಹೋಗುತ್ತದೆ; ಮನೆಗಳಿಂದ 1310 ನ್ಯಾನೋಮೀಟರ್ ಬೆಳಕು ಹಿಂದಿರುಗುತ್ತದೆ. ಮನೆಯಲ್ಲಿ ಫೈಬರ್ ಬಂದು ಸೇರುವ ಓಎನ್‌ಟಿ ಪೆಟ್ಟಿಗೆಯ ಸೆಟ್ಟಿಂಗ್ ಪುಟದಲ್ಲಿ ‘ಆರ್‌ಎಕ್ಸ್ ಪವರ್’ ಎಂಬ ಅಂಕೆ ಸಿಗುತ್ತದೆ, ಬಂದು ಮುಟ್ಟಿದ ಬೆಳಕಿನ ಬಲ ಅದು. −20 ಡಿಬಿಎಂ ಎಂದರೆ ಒಂದು ಮಿಲಿವಾಟಿನ ನೂರನೇ ಒಂದು ಭಾಗ. ಪ್ರತಿ 3 ಡೆಸಿಬೆಲ್ ಇಳಿದರೆ ಬೆಳಕು ಅರ್ಧವಾಗುತ್ತದೆ. ಸಾಮಾನ್ಯ ಪೆಟ್ಟಿಗೆಗಳ ಕಣ್ಣು −27ರವರೆಗೆ ಓದಬಲ್ಲದು. ಅಲ್ಲಿಂದ ಕೆಳಗೆ ಎಲ್‌ಓಎಸ್ ಎಂಬ ಕೆಂಪು ದೀಪ ಹತ್ತುವುದಷ್ಟೇ ಬಾಕಿ.

ಬೆಳಕು ಮಂದವಾದರೆ ವೇಗ ಮೆಲ್ಲಮೆಲ್ಲನೆ ಇಳಿಯುತ್ತದೆ ಎಂದು ಹಲವರು ತಿಳಿದಿದ್ದಾರೆ. ಹಾಗಲ್ಲ. ಆ −27ರ ಗೆರೆಯ ಮೇಲಿದ್ದಷ್ಟು ಕಾಲ ಎಲ್ಲವೂ ಸರಿಯಾಗಿಯೇ ಇರುತ್ತದೆ, ಗೆರೆ ಹತ್ತಿರವಾದಾಗ ತಪ್ಪುಗಳು ಹೆಚ್ಚಿ ಸಂಪರ್ಕ ತುಂಡು ತುಂಡಾಗುತ್ತದೆ. ಒಂದೇ ಸಮನೆ ನಿಧಾನ ಎಂಬ ದೂರಿಗೆ ಫೈಬರ್ ಕಾರಣವಾಗುವುದು ಅಪರೂಪ. ದಿನಕ್ಕೆ ಹಲವು ಸಲ ಕಡಿದು ಕೂಡುತ್ತಿದ್ದರೆ ಫೈಬರನ್ನೇ ಮೊದಲು ಅನುಮಾನಿಸಿ. ಬಾಗಿಲಿನ ಸಂದಿಯಲ್ಲಿ ಒತ್ತಿದ ಎಳೆ, ಮೊಳೆಗೆ ಬಿಗಿಯಾಗಿ ಸುತ್ತಿದ ಎಳೆ, ದೂಳು ಕೂತ ಕನೆಕ್ಟರ್, ಕಂಬದ ಮೇಲೆ ಮಳೆನೀರು ಹೊಕ್ಕ ಜಾಯಿಂಟ್ ಬಾಕ್ಸ್ ಇದರ ಸಾಮಾನ್ಯ ಮೂಲಗಳು. ಎಳೆ ತೀರ ಬಾಗಿದಲ್ಲಿ ಬೆಳಕು ಒಳಗೇ ಪ್ರತಿಫಲಿಸುವ ಬದಲು ಹೊರಗೆ ಸೋರಿಹೋಗುತ್ತದೆ. ಬಿಚ್ಚಿದ ಫೈಬರಿನ ತುದಿಯನ್ನು ಮಾತ್ರ ಎಂದೂ ಕಣ್ಣಿಗೆ ಹಿಡಿದು ನೋಡಬೇಡಿ. ಆ ಬೆಳಕು ಕಣ್ಣಿಗೆ ಕಾಣುವಂಥದ್ದಲ್ಲ, ಹಾಗಾಗಿ ಅಪಾಯವೂ ಕಾಣುವುದಿಲ್ಲ.

ಗಾಳಿ ಸರಿಯಿದೆ, ಗಾಜು ಸರಿಯಿದೆ, ಸ್ಪೀಡ್ ಟೆಸ್ಟ್ ಪೂರ್ತಿ ಅಂಕ ಕೊಡುತ್ತದೆ, ಆದರೂ ಕರೆ ತಡವರಿಸುತ್ತದೆ. ಈ ಒಗಟು 2010ರಲ್ಲಿ ಜಿಮ್ ಗೆಟ್ಟಿಸ್ ಅವರ ಮನೆಯಲ್ಲೂ ಇತ್ತು. ಗೆಟ್ಟಿಸ್ ಸಾಮಾನ್ಯ ಬಳಕೆದಾರರಲ್ಲ. ಎಕ್ಸ್ ವಿಂಡೋ ವ್ಯವಸ್ಥೆಯನ್ನು ಕಟ್ಟಿದವರಲ್ಲಿ ಒಬ್ಬರು, ಆಗ ಬೆಲ್ ಲ್ಯಾಬ್ಸ್‌ನಲ್ಲಿದ್ದರು. ಮನೆಯಿಂದ ದೊಡ್ಡ ಕಡತಗಳನ್ನು ಕಳಿಸುತ್ತಿದ್ದಾಗ ಹೊರಗಿನ ಪಿಂಗ್ ಒಂದು ಸೆಕೆಂಡನ್ನೂ ಮೀರಿ ಏರಿದ್ದನ್ನು ಕಂಡರು. ಕಳಿಸುವುದನ್ನು ನಿಲ್ಲಿಸಿದರೆ ವಿಳಂಬ ಕರಗಿಹೋಗುತ್ತಿತ್ತು. ನೆಟ್ ನಿಧಾನವಾಗಿದೆ ಎಂದು ಮನೆಮಂದಿ ಎಷ್ಟೋ ಸಲ ಹೇಳಿದ್ದರ ಅರ್ಥ ಅವರಿಗೆ ಆಗ ಹೊಳೆಯಿತು. ಅವರು ಪ್ಯಾಕೆಟ್‌ಗಳನ್ನು ಒಂದೊಂದಾಗಿ ದಾಖಲಿಸಿ ಇತರ ತಜ್ಞರೊಂದಿಗೆ ಕೂತು ಓದಿದರು. ಸಿಕ್ಕ ರೋಗಕ್ಕೆ ‘ಬಫರ್‌ಬ್ಲೋಟ್’ ಎಂದು ಹೆಸರಿಟ್ಟರು.

ಇದು ಅರ್ಥವಾಗಲು 1986ಕ್ಕೆ ಹೋಗಬೇಕು. ಆ ಅಕ್ಟೋಬರಿನಲ್ಲಿ ಕ್ಯಾಲಿಫೋರ್ನಿಯಾದ ಲಾರೆನ್ಸ್ ಬರ್ಕ್ಲಿ ಪ್ರಯೋಗಾಲಯ ಮತ್ತು ಬರ್ಕ್ಲಿ ವಿಶ್ವವಿದ್ಯಾಲಯದ ನಡುವೆ, ಬರೀ 400 ಗಜ ದೂರದಲ್ಲಿ, 32 ಕೆಬಿಪಿಎಸ್‌ನಲ್ಲಿ ಹರಿಯುತ್ತಿದ್ದ ದತ್ತಾಂಶ 40 ಬಿಪಿಎಸ್‌ಗೆ ಕುಸಿಯಿತು. ಎಲ್ಲರೂ ಒಮ್ಮೆಲೇ ನುಗ್ಗುತ್ತಿದ್ದರು, ಕಳೆದುಹೋದದ್ದನ್ನು ಮತ್ತೆ ಮತ್ತೆ ಕಳಿಸಿ ದಟ್ಟಣೆಯನ್ನು ಹೆಚ್ಚಿಸುತ್ತಿದ್ದರು. ವ್ಯಾನ್ ಜೇಕಬ್‌ಸನ್ ಇದಕ್ಕೆ ಪರಿಹಾರ ಕಂಡರು: ಮೆಲ್ಲಗೆ ಆರಂಭಿಸು, ಕ್ರಮೇಣ ವೇಗ ಏರಿಸು, ಒಂದು ಪ್ಯಾಕೆಟ್ ಕಳೆದರೆ ಅದನ್ನು ದಟ್ಟಣೆಯ ಸೂಚನೆ ಎಂದು ತಿಳಿದು ಹಿಂದೆ ಸರಿ. 1988ರಲ್ಲಿ ಪ್ರಕಟವಾದ ಈ ನಿಯಮದ ಬಲದ ಮೇಲೆ ಇಂಟರ್‌ನೆಟ್ ಇಂದಿಗೂ ನಿಂತಿದೆ. ಅದರಲ್ಲಿ ಪ್ಯಾಕೆಟ್ ಕಳೆಯುವುದು ದೋಷವಲ್ಲ, ಸುದ್ದಿ. ಮುಂದೆ ಮೆಮೊರಿ ಅಗ್ಗವಾಯಿತು. ಒಂದು ಪ್ಯಾಕೆಟ್ಟೂ ಕಳೆಯಬಾರದೆಂಬ ಒಳ್ಳೆಯ ಉದ್ದೇಶದಿಂದಲೇ ತಯಾರಕರು ಮೋಡೆಮ್, ರೌಟರ್‌ಗಳಲ್ಲಿ ದೊಡ್ಡ ದೊಡ್ಡ ಬಫರ್, ಅಂದರೆ ಪ್ಯಾಕೆಟ್‌ಗಳು ಕಾದು ನಿಲ್ಲುವ ಜಾಗ, ತುಂಬಿದರು. ಸುದ್ದಿ ಮುಟ್ಟುವುದೇ ನಿಂತಿತು.

ನ್ಯಾಯಬೆಲೆ ಅಂಗಡಿಯನ್ನು ನೆನೆಯಿರಿ. ಅಕ್ಕಿ ಅಳೆದು ಕೊಡುವವನು ಒಬ್ಬನೇ. ಅಂಗಡಿಯ ಮುಂದಿನ ಅಂಗಳವನ್ನು ಎಷ್ಟು ದೊಡ್ಡದು ಮಾಡಿದರೂ ಅವನ ಕೈ ಚುರುಕಾಗದು. ಸಾಲು ಮಾತ್ರ ಉದ್ದವಾಗುತ್ತದೆ. ಅಂಗಳ ಚಿಕ್ಕದಿದ್ದರೆ ಕೆಲವರು ವಾಪಸು ಹೋಗಿ, ‘ಈಗ ಬೇಡ, ತುಂಬ ಜನ’ ಎಂದು ಊರಿನವರಿಗೆ ಹೇಳುತ್ತಾರೆ. ದೊಡ್ಡ ಅಂಗಳದಿಂದ ಯಾರೂ ವಾಪಸಾಗುವುದಿಲ್ಲ, ಬರುವವರು ಬರುತ್ತಲೇ ಇರುತ್ತಾರೆ, ಒಂದು ಸಹಿ ಹಾಕಿಸಿ ಹೋಗಲು ಬಂದವನೂ ಮೂಟೆ ಹೊರುವವರ ಹಿಂದೆಯೇ ನಿಲ್ಲಬೇಕು.

ಅಂಕೆಯಲ್ಲಿ ಹೇಳುವುದಾದರೆ, 256 ಕಿಲೋಬೈಟ್ ಬಫರ್ ತುಂಬಿದಾಗ ಅದು ಖಾಲಿಯಾಗಲು 1 ಎಂಬಿಪಿಎಸ್ ಅಪ್‌ಲೋಡ್ ಲೈನಿನಲ್ಲಿ ಎರಡು ಸೆಕೆಂಡು ಬೇಕು. ಅದೇ ಬಫರ್ 100 ಎಂಬಿಪಿಎಸ್‌ನಲ್ಲಿ 20 ಮಿಲಿಸೆಕೆಂಡಿನಲ್ಲಿ ಖಾಲಿಯಾಗುತ್ತದೆ. ದೊಡ್ಡ ಪ್ಲ್ಯಾನಿಗೆ ಹೋದಾಗ ಕೆಲವರಿಗೆ ಗುಣ ಕಾಣುವುದು ಇದರಿಂದ. ಆದರೆ ಬಫರ್ ಕೂಡ ಅಷ್ಟೇ ದೊಡ್ಡದಾಗಿದ್ದರೆ ಹಣ ಹೋಯಿತು, ವಿಳಂಬ ಉಳಿಯಿತು. ಫೋನು ವೈಫೈ ಸಿಕ್ಕೊಡನೆ ದಿನದ ಫೋಟೊಗಳನ್ನೆಲ್ಲ ಕ್ಲೌಡ್‌ಗೆ ಏರಿಸುತ್ತದೆ, ಗೇಟಿನ ಸಿಸಿಟಿವಿ ಹಗಲಿರುಳೂ ವಿಡಿಯೋ ಕಳಿಸುತ್ತಿರುತ್ತದೆ. ಹೊಸ ಸಿನಿಮಾ ಇಳಿಸಿಕೊಳ್ಳುವುದನ್ನು ನಾವು ಗಮನಿಸುತ್ತೇವೆ, ಹೀಗೆ ಏರುವುದನ್ನು ಗಮನಿಸುವುದಿಲ್ಲ. ಪಿಂಗ್ ಓಡುತ್ತಿರುವಾಗಲೇ ಒಂದು ದೊಡ್ಡ ವಿಡಿಯೋ ಅಪ್‌ಲೋಡಿಗೆ ಹಾಕಿ ನೋಡಿ. 12 ಇದ್ದದ್ದು 15 ಆದರೆ ನೀವು ಅದೃಷ್ಟವಂತರು. 500 ಆದರೆ ಸಾಲು ನಿಂತಿರುವುದು ನಿಮ್ಮ ಪೆಟ್ಟಿಗೆಯಲ್ಲೇ. ಫಾಸ್ಟ್ ಡಾಟ್ ಕಾಮ್ ತಾಣವೂ ಹೊರೆಯಿಲ್ಲದಾಗಿನ ಮತ್ತು ಹೊರೆಯಿದ್ದಾಗಿನ ವಿಳಂಬವನ್ನು ಪ್ರತ್ಯೇಕವಾಗಿ ತೋರಿಸುತ್ತದೆ.

ಮದ್ದು ಕಂಡುಹಿಡಿದವರಲ್ಲೂ ಜೇಕಬ್‌ಸನ್ ಇದ್ದಾರೆ. 2012ರಲ್ಲಿ ಅವರು ಮತ್ತು ಕ್ಯಾಥ್‌ಲೀನ್ ನಿಕೋಲ್ಸ್ ‘ಕೋಡೆಲ್’ ಎಂಬ ವಿಧಾನ ಮಂಡಿಸಿದರು. ಅದು ಸಾಲಿನ ಉದ್ದ ನೋಡುವುದಿಲ್ಲ. ಪ್ರತಿ ಪ್ಯಾಕೆಟ್ ಎಷ್ಟು ಹೊತ್ತು ಕಾಯಿತು ಎಂದು ನೋಡುತ್ತದೆ. 100 ಮಿಲಿಸೆಕೆಂಡುಗಳ ಅವಧಿಯಲ್ಲಿ ಕನಿಷ್ಠ ಕಾಯುವಿಕೆ ಒಮ್ಮೆಯೂ 5 ಮಿಲಿಸೆಕೆಂಡಿಗಿಂತ ಕೆಳಗಿಳಿಯದಿದ್ದರೆ ಒಂದು ಪ್ಯಾಕೆಟ್ಟನ್ನು ಬೇಕೆಂದೇ ಬಿಸಾಡುತ್ತದೆ. ಕಳಿಸುವವನಿಗೆ ಸುದ್ದಿ ಮುಟ್ಟುತ್ತದೆ, ಅವನು ನಿಧಾನಿಸುತ್ತಾನೆ. ಇದರೊಂದಿಗೆ ಪ್ರತಿ ಸಂಭಾಷಣೆಗೂ ಪ್ರತ್ಯೇಕ ಸಾಲು ಮಾಡುವ ಉಪಾಯ ಸೇರಿ ‘ಎಫ್‌ಕ್ಯೂ-ಕೋಡೆಲ್’ ಆಯಿತು, 2018ರಲ್ಲಿ ಅಂತರಜಾಲದ ದಾಖಲೆಗಳಲ್ಲಿ ಅಧಿಕೃತವಾಗಿ ಸೇರಿತು. ಇದನ್ನು ಮನೆಮನೆಗೆ ಮುಟ್ಟಿಸಲು ಹತ್ತು ವರ್ಷಕ್ಕೂ ಮಿಕ್ಕಿ ದುಡಿದ ಡೇವ್ ಟಾಟ್ 2025ರಲ್ಲಿ ತೀರಿಕೊಂಡರು. ಆ ತಂತ್ರಾಂಶ ಪೂರ್ತಿ ಮುಕ್ತವಾಗಿದೆ, ಲಿನಕ್ಸ್‌ನ ಒಳಗೇ ಇದೆ. ಹಾಗಿದ್ದೂ ಅದಿಲ್ಲದ, ಅಥವಾ ಅದನ್ನು ಮುಚ್ಚಿಟ್ಟ, ಪೆಟ್ಟಿಗೆಗಳು ಇಂದಿಗೂ ಮನೆಗಳಿಗೆ ಬರುತ್ತಿರುವುದು ನನಗೆ ನೋವಿನ ಸಂಗತಿ.

ನಿಮ್ಮ ರೌಟರಿನ ಪುಟದಲ್ಲಿ ಎಸ್‌ಕ್ಯೂಎಂ ಅಥವಾ ಕ್ಯೂಓಎಸ್ ಎಂಬ ಆಯ್ಕೆ ಹುಡುಕಿ. ಓಪನ್‌ಡಬ್ಲ್ಯುಆರ್‌ಟಿ ಎಂಬ ತಂತ್ರಾಂಶ ಹಾಕಬಹುದಾದ ರೌಟರ್‌ಗಳಲ್ಲಿ ಇದು ಸಿಗುತ್ತದೆ. ಅಲ್ಲಿ ಅಪ್‌ಲೋಡ್, ಡೌನ್‌ಲೋಡ್ ಎರಡಕ್ಕೂ ಲೈನಿನ ನಿಜವಾದ ವೇಗದ ಶೇ. 90ರಷ್ಟು ಮಿತಿ ಹಾಕಿ. ಹತ್ತರಲ್ಲೊಂದು ಪಾಲು ವೇಗ ಬಿಟ್ಟುಕೊಡುವುದು ನಷ್ಟವೆನಿಸಬಹುದು. ಆದರೆ ಹಾಗೆ ಮಾಡಿದಾಗ ಸಾಲು ಕಂಪನಿಯ ಪೆಟ್ಟಿಗೆಯಿಂದ ನಿಮ್ಮ ರೌಟರಿಗೆ, ಅದನ್ನು ಆಳಬಲ್ಲ ತಂತ್ರಾಂಶದ ಕೈಗೆ ಬರುತ್ತದೆ. ಆ ಆಯ್ಕೆ ಇಲ್ಲದಿದ್ದರೆ ಫೋಟೊ ಬ್ಯಾಕಪ್ಪನ್ನು ಮಧ್ಯರಾತ್ರಿಯ ಮೇಲೆ ಇಡಿ, ಕ್ಯಾಮೆರಾದ ವಿಡಿಯೋ ಗುಣಮಟ್ಟ ಇಳಿಸಿ. ಯಾವ ತೊಂದರೆಗೂ ರೌಟರ್ ಆರಿಸಿ ಹಾಕುವ ಅಭ್ಯಾಸವನ್ನು ಮಾತ್ರ ಸ್ವಲ್ಪ ತಡೆಹಿಡಿಯಿರಿ. ಹಾಗೆ ಮಾಡಿದಾಗ ಸಾಲು ಖಾಲಿಯಾಗುತ್ತದೆ, ವೈಫೈ ಚಾನೆಲ್ ಬದಲಾಗಬಹುದು, ರೌಟರಿನ ಮೆಮೊರಿಯಲ್ಲಿ ತುಂಬಿದ ಪಟ್ಟಿಗಳು ಅಳಿಯುತ್ತವೆ, ಆದ್ದರಿಂದ ಗುಣ ಕಾಣುವುದು ನಿಜ; ಆದರೆ ಏನಾಗಿತ್ತೆಂಬುದರ ಗುರುತೂ ಅದರೊಂದಿಗೇ ಅಳಿದುಹೋಗುತ್ತದೆ. ಮೊದಲು ಎರಡು ಪಿಂಗ್‌ಗಳನ್ನು ನೋಡಿ ಬರೆದಿಟ್ಟುಕೊಳ್ಳಿ, ಆಮೇಲೆ ಆರಿಸಿ.

ಇಷ್ಟೆಲ್ಲ ಮಾಡಿ, ಮನೆಯಲ್ಲಿ ಯಾರೂ ನೆಟ್ ಬಳಸದ ಹೊತ್ತಿನಲ್ಲೂ ಕೇಬಲ್ಲಿಗೆ ಸಿಕ್ಕಿಸಿದ ಲ್ಯಾಪ್‌ಟಾಪಿನಲ್ಲಿ ಹೊರಗಿನ ಪಿಂಗ್ ರಾತ್ರಿಯ ಹೊತ್ತು ಮಾತ್ರ ಏರುತ್ತಿದ್ದರೆ ಸಾಲು ನಿಮ್ಮದಲ್ಲ. ಜಿಪಾನ್‌ನ ಒಂದು ಎಳೆಯಲ್ಲಿ ಕೆಳಗಿಳಿಯುವ 2.5 ಜಿಬಿಪಿಎಸ್, ಮೇಲೇರುವ 1.25 ಜಿಬಿಪಿಎಸ್ ಎಲ್ಲ ಕವಲುಗಳಿಗೂ ಹಂಚಿಕೆಯಾಗಬೇಕು. ಅದಕ್ಕೂ ಮೇಲೆ, ಹೊರಜಾಲಕ್ಕೆ ಸೇರಲು ಕಂಪನಿ ಕೊಂಡಿರುವ ಕೊಂಡಿಯಿದೆ. ಅಲ್ಲಿ ಜಾಗ ಸಾಲದಿದ್ದರೆ ನಿಮ್ಮ ಮನೆಗೆ ಬರುವ ತಂತ್ರಜ್ಞನಿಗೆ ಏನನ್ನೂ ಸರಿಪಡಿಸಲಾಗದು, ಪಾಪ ಅವನು ರೌಟರ್ ಬದಲಿಸಿ ಹೋಗುತ್ತಾನೆ. ಒಂದು ವಾರದ ದಿನಾಂಕ, ಗಂಟೆ, ರೌಟರಿನ ಪಿಂಗ್, ಹೊರಗಿನ ಪಿಂಗ್, ಆರ್‌ಎಕ್ಸ್ ಪವರ್ ಇಷ್ಟನ್ನು ಒಂದು ಹಾಳೆಯಲ್ಲಿ ಸಾಲಾಗಿ ಬರೆದು ದೂರಿನ ಜೊತೆ ಕಳಿಸಿ. ದೂರಿನ ಸಂಖ್ಯೆ ಪಡೆಯಿರಿ. ಅಲ್ಲಿ ಬಗೆಹರಿಯದಿದ್ದರೆ ಅದೇ ಕಂಪನಿಯ ಮೇಲ್ಮನವಿ ಪ್ರಾಧಿಕಾರಕ್ಕೆ ಅದೇ ಹಾಳೆಯನ್ನು ಲಗತ್ತಿಸಿ ಬರೆಯಿರಿ. ರಾತ್ರಿ 9ಕ್ಕೆ ರೌಟರ್ 2 ಮಿಲಿಸೆಕೆಂಡು, ಹೊರಗೆ 310, ಬೆಳಕು −19 ಎಂದು ಏಳು ದಿನ ಬರೆದ ಹಾಳೆಯ ಮುಂದೆ ‘ನಿಮ್ಮ ವೈಫೈ ಸರಿಯಿಲ್ಲ’ ಎಂಬ ಉತ್ತರ ನಿಲ್ಲುವುದಿಲ್ಲ.